ಎಂಟು ಸಾವಿರದ ಕಾರ್ಡು

ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಮೊದಲು ಹಲ್ಲು ನೋಡುತ್ತಾರೆ, ಆಮೇಲೆ ಸುಳಿ ನೋಡುತ್ತಾರೆ, ಕೊನೆಗೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ಪಳಗಿದವರು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ: ಇದು ಯಾರ ಕೊಟ್ಟಿಗೆಯಲ್ಲಿ ಬೆಳೆದದ್ದು? ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವವರು ಸಾಮಾನ್ಯವಾಗಿ ಈ ಕೊನೆಯ ಪ್ರಶ್ನೆಗೆ ಹೋಗುವುದಿಲ್ಲ. ಡಬ್ಬದ ಮೇಲೆ ಎಷ್ಟು ಜಿಬಿ ಎಂದು ಬರೆದಿದೆ ನೋಡುತ್ತಾರೆ, ಬೆಲೆ ಕೇಳುತ್ತಾರೆ, ಅಲ್ಲಿಗೆ ಮುಗಿಯಿತು. ವಿಂಡೋಸ್ ಇದ್ದರೆ ಅಷ್ಟು ಸಾಕಾದರೂ ಸಾಕಾದೀತು. ಲಿನಕ್ಸ್ ಹಾಕಿಕೊಂಡು ಅದರಲ್ಲೇ ಆಟವನ್ನೂ ಆಡಬೇಕೆನ್ನುವವರಿಗೆ ಮಾತ್ರ ಕೊಟ್ಟಿಗೆಯ ಪ್ರಶ್ನೆಯೇ ಮೊದಲನೆಯದು.

ತಿಪಟೂರಿನಲ್ಲಿ ಸಹಕಾರ ಸಂಘವೊಂದರ ಗುಮಾಸ್ತರ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು 2025ರ ಅಕ್ಟೋಬರಿನ ನಂತರ. ಆ ತಿಂಗಳ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ರ ಪಾಲನೆಯನ್ನು ನಿಲ್ಲಿಸಿತು. ಒಂದು ವರ್ಷ ಮುಂದೂಡುವ ಉಪಾಯವೇನೋ ಇತ್ತು. ಆದರೆ ವರ್ಷ ಕಳೆದ ಮೇಲೆ ಮತ್ತೆ ಅದೇ ಹಾಡು. ವಿಂಡೋಸ್ 11 ಹಾಕೋಣವೆಂದರೆ ಅದು ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನ ಪ್ರೊಸೆಸರುಗಳನ್ನು ಹತ್ತಿರ ಸೇರಿಸುವುದಿಲ್ಲ. ಮನೆಯಲ್ಲಿದ್ದದ್ದು ನಾಲ್ಕನೇ ತಲೆಮಾರಿನ ಐ5, ಎಚ್81 ಮದರ್‌ಬೋರ್ಡ್, 8 ಜಿಬಿ ರ್‍ಯಾಮ್. ಹತ್ತು ವರ್ಷದ ಹಿಂದೆ ಅಸೆಂಬಲ್ ಮಾಡಿಸಿದ್ದು, ಇನ್ನೂ ಗಟ್ಟಿಮುಟ್ಟಾಗಿಯೇ ಇತ್ತು. ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದ ಮಗ ಒಂದು ಭಾನುವಾರ ಕೂತು ವಿಂಡೋಸ್ ತೆಗೆದು ಲಿನಕ್ಸ್ ಮಿಂಟ್ ಹಾಕಿದ. ಗುಮಾಸ್ತರ ಆತಂಕ ಒಂದೇ, ನುಡಿಯಲ್ಲಿ ಕಲಿತ ಕನ್ನಡ ಟೈಪಿಂಗ್ ಕೈಬಿಟ್ಟು ಹೋದೀತೆಂದು. ಲಿನಕ್ಸಿನಲ್ಲಿ ಕಗಪ ಕೀಲಿಮಣೆ ಮೊದಲಿನಿಂದಲೂ ಇದೆ. ಬೆರಳುಗಳಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. "ಮುಂಚೆಗಿಂತ ಬೇಗ ಶುರುವಾಗುತ್ತಲ್ಲೋ" ಎಂದಷ್ಟೇ ಹೇಳಿ ಅವರು ಸಂಘದ ಲೆಕ್ಕ, ಬ್ಯಾಂಕಿನ ವ್ಯವಹಾರ ಎಲ್ಲವನ್ನೂ ಅದರಲ್ಲೇ ಮುಂದುವರಿಸಿದರು.

ತಿಂಗಳೊಪ್ಪತ್ತು ಕಳೆದ ಮೇಲೆ ಹುಡುಗ ಬಾಯಿಬಿಟ್ಟ. "ಅಪ್ಪಾ, ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ರೆ ಆಟನೂ ಆಡಬಹುದು."

"ಎಷ್ಟಾಗುತ್ತೆ?"

"ಎಂಟು ಸಾವಿರ ಆಗಬಹುದು."

ಗುಮಾಸ್ತರು ಒಂದು ವಾರ ಏನೂ ಹೇಳಲಿಲ್ಲ. ಆಮೇಲೆ ಮೂರು ಷರತ್ತು ಹಾಕಿದರು. ಎಂಟು ಸಾವಿರದ ಮೇಲೆ ಒಂದು ರೂಪಾಯಿಯೂ ಇಲ್ಲ. ಬ್ಯಾಂಕಿನ ಕೆಲಸಕ್ಕೆ ತೊಂದರೆಯಾಗಕೂಡದು. ಇನ್ನು ಐದು ವರ್ಷ ಇದರ ಸುದ್ದಿ ಎತ್ತಕೂಡದು. ಮೊದಲೆರಡು ಷರತ್ತುಗಳು ಯಾವ ತಂದೆಯಾದರೂ ಹಾಕುವಂಥವೇ. ಹುಡುಗನ ತಲೆ ಕೆಡಿಸಿದ್ದು ಮೂರನೆಯದು. ಆಡಲು ಬರುವ ಕಾರ್ಡು ಎಂಟು ಸಾವಿರಕ್ಕೆ ಬೇಕಾದಷ್ಟು ಸಿಗುತ್ತದೆ. ಐದು ವರ್ಷ ಬಾಳುವ ಕಾರ್ಡು ಯಾವುದು?

ಇಲ್ಲಿ ಕಾರ್ಡಿನ ಕೆಲಸ ಏನೆಂಬುದನ್ನು ಸ್ವಲ್ಪ ನೋಡಬೇಕು. ಸಾಧಾರಣ ಮಾನಿಟರಿನ ಮೇಲೆ ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳಿರುತ್ತವೆ. ಗುಣಿಸಿದರೆ 20 ಲಕ್ಷದ 73 ಸಾವಿರದ 600. ಆಟ ನುಣುಪಾಗಿ ಸಾಗಬೇಕಾದರೆ ಇಡೀ ಚಿತ್ರವನ್ನು ಸೆಕೆಂಡಿಗೆ 60 ಸಲ ಹೊಸದಾಗಿ ಬರೆಯಬೇಕು. ಅಂದರೆ ಸೆಕೆಂಡಿಗೆ 12 ಕೋಟಿಗೂ ಮಿಕ್ಕಿ ಬಿಂದುಗಳ ಬಣ್ಣ ನಿರ್ಧಾರವಾಗಬೇಕು. ಒಬ್ಬ ಜಾಣನಿಂದ ಆಗುವ ಕೆಲಸ ಇದಲ್ಲ, ಸಾವಿರಾರು ಮಂದಿ ಸಾಮಾನ್ಯರು ಒಟ್ಟಿಗೆ ಕೂತು ಮಾಡುವ ಕೆಲಸ. ಪ್ರೊಸೆಸರ್ ಆ ಒಬ್ಬ ಜಾಣ. ಗ್ರಾಫಿಕ್ಸ್ ಕಾರ್ಡು ನಾಟಿ ಗದ್ದೆಗಿಳಿದ ಆಳುಗಳ ಸಾಲು.

ಆದರೆ ಆಳುಗಳಿಗೆ ಅವರ ಭಾಷೆಯಲ್ಲೇ ಹೇಳಬೇಕು. ಹಾಗೆ ಹೇಳುವ ದುಭಾಷಿಗೆ ಡ್ರೈವರ್ ಎಂದು ಹೆಸರು. ಲಿನಕ್ಸಿನಲ್ಲಿ ಒಬ್ಬ ದುಭಾಷಿ ಸಾಲದು. ಪೇಟೆಯಲ್ಲಿ ಸಿಗುವ ಆಟಗಳಲ್ಲಿ ಹೆಚ್ಚಿನವು ವಿಂಡೋಸಿಗೆಂದೇ ಬರೆದವು, ಅವು ಡೈರೆಕ್ಟ್‌ಎಕ್ಸ್ ಎಂಬ ಭಾಷೆಯಲ್ಲಿ ಮಾತಾಡುತ್ತವೆ. ಅದನ್ನು ವಲ್ಕನ್ ಎಂಬ ಇನ್ನೊಂದು ಭಾಷೆಗೆ ತಿರುಗಿಸಬೇಕು. ವಲ್ಕನ್ನಿನಲ್ಲಿ ಹೇಳಿದ್ದನ್ನು ಡ್ರೈವರು ಮತ್ತೆ ಕಾರ್ಡಿನ ಭಾಷೆಗೆ ತರಬೇಕು. ಮೊದಲ ಅನುವಾದದ ಕಥೆ ಸ್ವಾರಸ್ಯವಾಗಿದೆ. ವಿಂಡೋಸಿನ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ನಡೆಸುವ 'ವೈನ್' 1993ರಲ್ಲಿ ಆರಂಭವಾದರೂ, ದೊಡ್ಡ ಆಟಗಳ ಮಟ್ಟಿಗೆ ಅದು ಬಹುಕಾಲ ಕುಂಟುತ್ತಲೇ ಇತ್ತು. ಫಿಲಿಪ್ ರೆಬೋಲೆ ಎಂಬಾತನಿಗೆ 'ನೀಯರ್ ಆಟೊಮಾಟ' ಎಂಬ ಆಟವನ್ನು ಲಿನಕ್ಸಿನಲ್ಲೇ ಆಡಬೇಕೆಂಬ ಹಟ. ಆ ಒಂದು ಆಟಕ್ಕಾಗಿ ಆತ ಡಿಎಕ್ಸ್‌ವಿಕೆ ಎಂಬ ಅನುವಾದಕವನ್ನು ಬರೆಯತೊಡಗಿದ. ವಾಲ್ವ್ ಕಂಪನಿ ಅದನ್ನು ಕಂಡು ಬೆಂಬಲಕ್ಕೆ ನಿಂತು, ವೈನ್ ಜೊತೆ ಸೇರಿಸಿ 2018ರ ಆಗಸ್ಟಿನಲ್ಲಿ 'ಪ್ರೋಟಾನ್' ಎಂಬ ಹೆಸರಿನಲ್ಲಿ ಹೊರತಂದಿತು. 2022ರಲ್ಲಿ ಅದೇ ಕಂಪನಿ ತಂದ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದಾಡುವ ಯಂತ್ರದೊಳಗೂ ಇರುವುದು ಲಿನಕ್ಸೇ. ಒಬ್ಬನ ಆಟದ ಹಟದಿಂದ ಲೋಕಕ್ಕೆ ಇಷ್ಟು ಉಪಕಾರವಾಗಬಹುದೆಂದು ಯಾವ ತಂದೆಗೂ ಮುಂಚಿತವಾಗಿ ಒಪ್ಪಿಸಲಾಗದು ಎಂಬುದು ಬೇರೆ ಮಾತು.

ಎರಡನೆಯ ದುಭಾಷಿ, ಅಂದರೆ ಡ್ರೈವರು ಯಾರ ಕೈಯಲ್ಲಿದೆ ಎಂಬುದೇ ಕೊಟ್ಟಿಗೆಯ ಪ್ರಶ್ನೆ. ಪೇಟೆಯಲ್ಲಿ ಹೆಸರಾದ ಎನ್‌ವಿಡಿಯಾ ಬಹುಕಾಲ ತನ್ನ ಡ್ರೈವರಿನ ಒಳಗುಟ್ಟನ್ನು ಯಾರಿಗೂ ಕೊಟ್ಟಿರಲಿಲ್ಲ. 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯೊಂದರಲ್ಲಿ ಲಿನಕ್ಸಿನ ಜನಕ ಲೈನಸ್ ಟೋರ್ವಾಲ್ಡ್ಸ್ ಈ ಕಂಪನಿಯನ್ನು ಕುರಿತು ಬೆರಳೆತ್ತಿ ಬೈದದ್ದು ಇಂದಿಗೂ ಜನ ನೆನೆಸಿಕೊಳ್ಳುವ ಪ್ರಸಂಗ. 2022ರ ಮೇ ತಿಂಗಳಲ್ಲಿ ಕಂಪನಿ ಡ್ರೈವರಿನ ಒಂದು ಭಾಗವನ್ನು ತೆರೆದಿಟ್ಟಿತು. ಅದೂ ಟ್ಯೂರಿಂಗ್ ಎಂಬ 2018ರ ವಂಶ ಮತ್ತು ಅದರ ನಂತರದ ಕಾರ್ಡುಗಳಿಗೆ ಮಾತ್ರ.

ಎದುರಾಳಿ ಎಎಮ್‌ಡಿ 2006ರಲ್ಲಿ ಎಟಿಐ ಕಂಪನಿಯನ್ನು ಕೊಂಡುಕೊಂಡು, ಮರುವರ್ಷವೇ ಕಾರ್ಡುಗಳ ಒಳವಿವರಗಳನ್ನು ಬಹಿರಂಗಪಡಿಸುವುದಾಗಿ ಸಾರಿತು. ಬ್ರಯನ್ ಪಾಲ್ ಎಂಬುವರು 1993ರಲ್ಲಿ ಒಬ್ಬರೇ ಆರಂಭಿಸಿದ 'ಮೆಸಾ' ಎಂಬ ಮುಕ್ತ ಯೋಜನೆಯಲ್ಲಿ ಎಎಮ್‌ಡಿ ಕಾರ್ಡುಗಳ ಡ್ರೈವರು ಬೆಳೆಯಿತು. ವಲ್ಕನ್ ಬಂದಾಗ ಕಂಪನಿ ತನ್ನದೇ ಡ್ರೈವರ್ ತೆರೆದಿಡುತ್ತೇನೆಂದು ಹೇಳಿ ತಡಮಾಡಿತು. ಕಾಯಲಾರದೆ ಡೇವ್ ಏರ್ಲಿ ಮತ್ತು ಬಾಸ್ ನ್ಯೂವೆನ್‌ಹೈಜನ್ ಎಂಬಿಬ್ಬರು 2016ರಲ್ಲಿ ತಾವೇ ಒಂದನ್ನು ಬರೆದರು. ಅದರ ಹೆಸರು ರ್‍ಯಾಡ್‌ವಿ. ಕಂಪನಿಯದು ಆಮೇಲೆ ಬಂತು. ಜನ ಮಾತ್ರ ಈ ಇಬ್ಬರದ್ದನ್ನೇ ಹಿಡಿದುಕೊಂಡರು. ಕೊನೆಗೆ 2025ರಲ್ಲಿ ಎಎಮ್‌ಡಿ ತನ್ನದನ್ನು ಕೈಬಿಟ್ಟು, ಇನ್ನು ಮುಂದೆ ರ್‍ಯಾಡ್‌ವಿಯೇ ಎಂದು ಒಪ್ಪಿಕೊಂಡಿತು. ಊರೊಟ್ಟಿನ ಕೆರೆ ದಣಿಗಳ ಬಾವಿಯನ್ನು ಗೆದ್ದ ಅಪರೂಪದ ಪ್ರಸಂಗ ಇದು.

ಹುಡುಗ ಇದನ್ನೆಲ್ಲ ಓದಿಕೊಂಡಿದ್ದ. ಗುಮಾಸ್ತರು ಓದಿರಲಿಲ್ಲ. ಊರಿನ ಕಂಪ್ಯೂಟರ್ ಅಂಗಡಿಯಲ್ಲಿ ಅವರಿಗೊಂದು ಒಳ್ಳೆಯ ವ್ಯಾಪಾರ ಕಂಡಿತು. ಜಿಟಿ 730, ಹೊಚ್ಚ ಹೊಸದು, 4 ಜಿಬಿ, ವಾರಂಟಿ ಉಂಟು, ಬಿಲ್ ಉಂಟು, ಬೆಲೆಯೂ ಎಂಟು ಸಾವಿರಕ್ಕಿಂತ ಎಷ್ಟೋ ಕಡಿಮೆ. ಮಗ ಬೇಡವೆಂದಾಗ ಅವರಿಗೆ ಸಿಟ್ಟೇ ಬಂತು. "ಹೊಸದು ಬಿಟ್ಟು ಹಳೇದು ಬೇಕು ಅಂತೀಯಲ್ಲ, ಬುದ್ಧಿ ಇದೆಯೇನೋ?"

ಹೊಸ ಡಬ್ಬದೊಳಗಿನ ಹಳೆಯ ಸರಕು ಅದು ಎಂದು ಮಗ ವಿವರಿಸಬೇಕಾಯಿತು. ಆ ಹೆಸರಿನ ಬಹುಪಾಲು ಕಾರ್ಡುಗಳು ಕೆಪ್ಲರ್ ಎಂಬ 2012ರ ವಂಶಕ್ಕೆ ಸೇರಿದವು. ಆ ವಂಶಕ್ಕೆ ಎನ್‌ವಿಡಿಯಾದ 470ರ ಸರಣಿಯ ಡ್ರೈವರೇ ಕೊನೆಯದು, ಅದರ ಪಾಲನೆಯೂ 2024ರಲ್ಲಿ ನಿಂತಿತು. ಈಗಿನ ಡಿಎಕ್ಸ್‌ವಿಕೆ ಕೇಳುವ ವಲ್ಕನ್ 1.3 ಆ ಡ್ರೈವರಿನಲ್ಲಿ ಇಲ್ಲ. ಇನ್ನು 4 ಜಿಬಿಯ ಮಾತು. ಕಾರ್ಡಿನ ಸ್ಮರಣೆ ಎಷ್ಟು ಎಂಬುದು ಹಂಡೆಯ ಅಳತೆ. ಹಂಡೆಯಿಂದ ನೀರು ಎಷ್ಟು ಬೇಗ ಬರುತ್ತದೆಂಬುದು ನಲ್ಲಿಯ ಅಳತೆ. ಡಿಡಿಆರ್3 ಸ್ಮರಣೆಯ, 64 ಬಿಟ್ ದಾರಿಯ ಜಿಟಿ 730ರಲ್ಲಿ ಸೆಕೆಂಡಿಗೆ ಸುಮಾರು 14 ಜಿಬಿಯಷ್ಟೇ ಹರಿಯುತ್ತದೆ. ಅದೇ 4 ಜಿಬಿಯ ಜಿಟಿಎಕ್ಸ್ 1650ರಲ್ಲಿ 128, ಆರ್‌ಎಕ್ಸ್ 570ರಲ್ಲಿ 224. ಹಂಡೆ ಮೂರಕ್ಕೂ ಒಂದೇ. ಸ್ನಾನಕ್ಕೆ ಕೂತವನಿಗೆ ಬೇಕಾದದ್ದು ನಲ್ಲಿ. ಲೆಕ್ಕ ಬಲ್ಲ ಗುಮಾಸ್ತರಿಗೆ ಇಷ್ಟು ಹೇಳಿದ ಮೇಲೆ ಉಳಿದದ್ದು ಹೇಳಬೇಕಾಗಲಿಲ್ಲ.

ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಹೇರಳವಾಗಿದ್ದ ಜಿಟಿಎಕ್ಸ್ 1050 ಟಿಐ ಕೂಡ ಹೀಗೆಯೇ ಬಿದ್ದುಹೋಯಿತು. ಅದು 2016ರ ಪ್ಯಾಸ್ಕಲ್ ವಂಶದ್ದು. 580ರ ಸರಣಿಯೇ ತನಗೆ ಕೊನೆಯ ಡ್ರೈವರೆಂದು 2025ರಲ್ಲಿ ಕಂಪನಿ ತಿಳಿಸಿತ್ತು. ಇಂಟೆಲ್‌ನ ಆರ್ಕ್ ಕಾರ್ಡುಗಳ ಡ್ರೈವರು ಮುಕ್ತವೇ. ಆದರೆ ಮದರ್‌ಬೋರ್ಡಿನಲ್ಲಿ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಇಲ್ಲದಿದ್ದರೆ ಅವು ಅರ್ಧ ನಿದ್ದೆಯಲ್ಲಿ ಕೆಲಸ ಮಾಡುತ್ತವೆ. ಹತ್ತು ವರ್ಷದ ಬೋರ್ಡಿನಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ.

ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬ 2022ರ ಕಾರ್ಡಿನ ವಿಷಯ ಸ್ವಲ್ಪ ಸೂಕ್ಷ್ಮ. ಎಎಮ್‌ಡಿಯದೇ, ಹೊಸದೇ, ಡ್ರೈವರೂ ಮುಕ್ತ. ಆದರೆ ಕಾರ್ಡಿಗೂ ಬೋರ್ಡಿಗೂ ನಡುವೆ ಅದು ನಾಲ್ಕೇ ಲೇನುಗಳನ್ನು ಬಳಸುತ್ತದೆ. ಪಿಸಿಐಇ 4ನೇ ಆವೃತ್ತಿಯ ಹೊಸ ಬೋರ್ಡಿನಲ್ಲಿ ಆ ನಾಲ್ಕು ಲೇನುಗಳಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಸಾಗುತ್ತದೆ. ಎಚ್81 ಬೋರ್ಡಿನ ಸ್ಲಾಟು 2ನೇ ಆವೃತ್ತಿಯದು. ಆವೃತ್ತಿ ಒಂದು ಇಳಿದರೆ ವೇಗ ಅರ್ಧವಾಗುತ್ತದೆ, ಎರಡು ಇಳಿದರೆ ಕಾಲು. ಅದೇ ನಾಲ್ಕು ಲೇನಿನಲ್ಲಿ ಈಗ 2 ಜಿಬಿ ಮಾತ್ರ. 2017ರ ಆರ್‌ಎಕ್ಸ್ 570 ಹದಿನಾರು ಲೇನುಗಳ ಕಾರ್ಡು, ಆದ್ದರಿಂದ ಅದೇ ಹಳೆಯ ಸ್ಲಾಟಿನಲ್ಲೂ 8 ಜಿಬಿ ಸಾಗಿಸುತ್ತದೆ. ಹಳೆಯ ಮನೆಗೆ ಹಳೆಯ ಸೊಸೆಯೇ ಹೊಂದಿಕೊಂಡಂತಾಯಿತು. ಅಂಗಡಿಯವರು ಸಾಮಾನ್ಯವಾಗಿ ಹೇಳದ ವಿಷಯ ಇದು. ಹಳೆಯ ಬೋರ್ಡಿನ ಜನ ಹೊಸ ಅಗ್ಗದ ಕಾರ್ಡು ತಂದು ಪೇಚಾಡುವುದು ಇಲ್ಲೇ.

ಕೊನೆಗೆ ಕಣದಲ್ಲಿ ಉಳಿದದ್ದು ಎರಡು, ಜಿಟಿಎಕ್ಸ್ 1650 ಮತ್ತು ಆರ್‌ಎಕ್ಸ್ 570. ಮೊದಲನೆಯದನ್ನು ತೆಗಳುವಂತಿಲ್ಲ. ಟ್ಯೂರಿಂಗ್ ವಂಶದ್ದು, 75 ವ್ಯಾಟ್‌ನಲ್ಲಿ ಸಂಸಾರ ಸಾಗಿಸುತ್ತದೆ, ಅದರ ಹೆಚ್ಚಿನ ಮಾದರಿಗಳಿಗೆ ಎಸ್‌ಎಂಪಿಎಸ್‌ನಿಂದ ಬೇರೆ ವೈರು ಎಳೆಯಬೇಕಾಗಿಲ್ಲ. ಕಚೇರಿಗಳಿಂದ ಹೊರಬಿದ್ದ ಸಣ್ಣ ಕ್ಯಾಬಿನೆಟ್ಟಿನ ಕಂಪ್ಯೂಟರ್ ಕೊಂಡವರಿಗೆ ಅದರ ಗಿಡ್ಡ ಮಾದರಿಯೇ ಗತಿ. ಎನ್‌ವಿಡಿಯಾದ ಡ್ರೈವರ್ ಹಾಕುವುದೂ ಮಿಂಟ್‌ನಲ್ಲಿ ಈಗ ಎರಡು ಕ್ಲಿಕ್ಕಿನ ಕೆಲಸ. ಆದರೆ ಆಟದ ಬಲದಲ್ಲಿ 570 ಒಂದು ಕೈ ಮೇಲು, ಐದು ವರ್ಷದ ಷರತ್ತಿಗೂ ಅದೇ ಸರಿಯಾಗಿ ಕೂರುತ್ತಿತ್ತು. ವಿಂಡೋಸಿನಲ್ಲಿ 570ರ ವಂಶವನ್ನು ಎಎಮ್‌ಡಿ 2023ರಲ್ಲೇ ಮುಖ್ಯ ಡ್ರೈವರಿನಿಂದ ಬೇರ್ಪಡಿಸಿ ಮೂಲೆಗೆ ಸರಿಸಿತು. ಲಿನಕ್ಸಿನಲ್ಲಿ ಹಾಗೆ ಸರಿಸಲು ಅದು ಕಂಪನಿಯೊಂದರ ಸ್ವತ್ತೇ ಅಲ್ಲ. ಮೆಸಾದ ಹೊಸ ಆವೃತ್ತಿ ಬಂದಂತೆಲ್ಲ ಈ ಕಾರ್ಡಿಗೂ ಅದರ ಪಾಲು ಸಲ್ಲುತ್ತಿದೆ.

ಇಷ್ಟಾದ ಮೇಲೂ ಹುಡುಗನ ಮನಸ್ಸು ಪೂರ್ತಿ ತಿಳಿಯಾಗಿರಲಿಲ್ಲ. ಕಾರಣ ಕಾರ್ಡಲ್ಲ. ಪಾಲಿಟೆಕ್ನಿಕ್ಕಿನ ಗೆಳೆಯರು ಐದು ಮಂದಿ ರಾತ್ರಿ ಊಟವಾದ ಮೇಲೆ ಕೂಡಿ ಆಡುತ್ತಿದ್ದದ್ದು ವ್ಯಾಲರಂಟ್. ಅವನು ಕಾರ್ಡಿಗಾಗಿ ಆಸೆಪಟ್ಟದ್ದೂ ಮುಖ್ಯವಾಗಿ ಅದಕ್ಕೇ. ಆಟದಲ್ಲಿ ಮೋಸ ಹಿಡಿಯಲು ಅದರೊಂದಿಗೆ ವ್ಯಾನ್‌ಗಾರ್ಡ್ ಎಂಬ ಕಾವಲುಗಾರನಿದ್ದಾನೆ. ವಿಂಡೋಸಿನ ಒಳಮನೆಯವರೆಗೂ ಹೋಗಿ ಕೂರುವ ಅವನು ಲಿನಕ್ಸಿನ ಹೊಸ್ತಿಲು ತುಳಿಯುವುದಿಲ್ಲ. ಎಂಟು ಸಾವಿರದ ಕಾರ್ಡಿಗೂ ಎಂಬತ್ತು ಸಾವಿರದ ಕಾರ್ಡಿಗೂ ಇದರಲ್ಲಿ ಭೇದವಿಲ್ಲ. ಫೋರ್ಟ್‌ನೈಟ್, ಪಬ್‌ಜಿ ಕೂಡ ಇದೇ ಸಾಲಿನವು. ಲಿನಕ್ಸಿನಲ್ಲಿ ನಡೆಯುತ್ತಿದ್ದ ಏಪೆಕ್ಸ್ ಲೆಜೆಂಡ್ಸ್ ಸಹ 2024ರ ಕೊನೆಯಲ್ಲಿ ಬಾಗಿಲು ಹಾಕಿಕೊಂಡಿತು. ಆದ್ದರಿಂದ ಲಿನಕ್ಸಿನವರು ಕಾರ್ಡಿನ ಪಟ್ಟಿ ಮಾಡುವ ಮೊದಲು ಆಟದ ಪಟ್ಟಿ ಮಾಡುವುದು ಲೇಸು.

ಹಳೆಯ ವಿಂಡೋಸನ್ನೇ ಡಿಸ್ಕಿನ ಒಂದು ಮೂಲೆಯಲ್ಲಿ ಮತ್ತೆ ಹಾಕಿಕೊಳ್ಳೆಂದು ಗೆಳೆಯರು ಹೇಳಿದರು. ಹುಡುಗ ಎರಡು ರಾತ್ರಿ ಯೋಚಿಸಿದ. ಭದ್ರತೆಯ ತೇಪೆ ಬರದ ವಿಂಡೋಸ್ ಇರುವ ಡಿಸ್ಕಿನಲ್ಲೇ ಅಪ್ಪನ ಬ್ಯಾಂಕಿನ ವ್ಯವಹಾರವೂ ಇರಬೇಕಲ್ಲ. ಅಪ್ಪನಿಗೆ ತಿಳಿಯುವ ಸಂಭವವೇ ಇರಲಿಲ್ಲ, ಹಾಕಿದ್ದರೆ ಹಾಕಬಹುದಿತ್ತು. ಹಾಕಲಿಲ್ಲ. ಗೆಳೆಯರಿಗೂ ಹಾಗೆಯೇ ಹೇಳಿದ. ಅಪ್ಪನ ಮುಂದೆ ಈ ವಿಷಯ ಬರಲೇ ಇಲ್ಲ.

ಒಂದು ಶನಿವಾರ ತಂದೆ ಮಗ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋದರು. ಟೌನ್‌ಹಾಲ್ ಹತ್ತಿರದ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ, ಕಂಪ್ಯೂಟರ್ ಬಿಡಿಭಾಗಗಳ ಸಂತೆ. ಕೇಳಿದ ಕಡೆಯಲ್ಲೆಲ್ಲ ಒಂದೇ ಮಾತು: "ಮೈನಿಂಗ್ ಕಾರ್ಡ್ ಅಲ್ಲ ಸಾರ್, ಮನೇಲಿ ಗೇಮ್ ಆಡ್ತಿದ್ದ ಹುಡುಗನದು." ಇಂಥ ಕಾರ್ಡುಗಳನ್ನು ಹಗಲಿರುಳು ದುಡಿಸಿ ಈಥರ್ ಎಂಬ ಡಿಜಿಟಲ್ ನಾಣ್ಯ ತೆಗೆಯುವ ದಂಧೆ 2022ರ ಸೆಪ್ಟೆಂಬರ್ 15ಕ್ಕೆ ನಿಂತುಹೋಗಿ, ರಾಶಿರಾಶಿ ಕಾರ್ಡುಗಳು ಪೇಟೆಗೆ ಬಿದ್ದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಮೈನಿಂಗ್ ಮಾಡಿದ್ದೆಲ್ಲ ಸತ್ತ ಸರಕೇನೂ ಅಲ್ಲ, ಫ್ಯಾನು ಸವೆದಿರುತ್ತದೆ, ಶಾಖ ಹೀರುವ ಪೇಸ್ಟು ಒಣಗಿರುತ್ತದೆ. ಇನ್ನೊಂದು ಮೋಸ ಹೆಸರಿನದು. ಆರ್‌ಎಕ್ಸ್ 580 ಎಂದು ತೋರಿಸಿದ ಒಂದು ಕಾರ್ಡಿನ ಹೆಸರಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ '2048ಎಸ್‌ಪಿ' ಎಂದಿತ್ತು. ನಿಜವಾದ 580ರಲ್ಲಿ ಲೆಕ್ಕ ಮಾಡುವ ಘಟಕಗಳು 2304. 2048 ಇದ್ದರೆ ಅದು 580ರ ಅಂಗಿ ತೊಟ್ಟ 570. ಬೆಲೆ ಮಾತ್ರ ಅಂಗಿಯದು.

ಇಲ್ಲಿ ಲಿನಕ್ಸಿನಿಂದ ಒಂದು ಅನುಕೂಲವಾಯಿತು. ಹುಡುಗ ಪೆನ್ ಡ್ರೈವಿನಲ್ಲಿ ಮಿಂಟ್ ಹಾಕಿಕೊಂಡು ಜೇಬಿನಲ್ಲಿಟ್ಟಿದ್ದ. ಎಎಮ್‌ಡಿ ಕಾರ್ಡಿಗೆ ಬೇಕಾದ ಡ್ರೈವರು ಅದರೊಳಗೇ ಇರುತ್ತದೆ. ಅಂಗಡಿಯ ಕಂಪ್ಯೂಟರನ್ನು ಆ ಪೆನ್ ಡ್ರೈವಿನಿಂದಲೇ ಶುರುಮಾಡಿದರೆ ಅಂಗಡಿಯವರ ಡಿಸ್ಕಿಗೆ ಒಂದು ಗೀರೂ ಬೀಳದೆ ಕಾರ್ಡಿನ ಜಾತಕ ತೆರೆದುಕೊಳ್ಳುತ್ತದೆ. ಇಬ್ಬರು ವ್ಯಾಪಾರಿಗಳು "ಅದೆಲ್ಲ ಆಗಲ್ಲ" ಎಂದರು. ಅವರಲ್ಲಿ ವ್ಯಾಪಾರ ಮಾಡದಿರಲು ಆ ಮಾತೇ ಸಾಕಾಯಿತು. ಮೂರನೆಯವರು ಕುತೂಹಲದಿಂದ ತಾವೂ ಪಕ್ಕದಲ್ಲಿ ನಿಂತರು. ಅರ್ಧ ಗಂಟೆ ಕಾರ್ಡನ್ನು ದುಡಿಸಿದ್ದಾಯಿತು. ಶಾಖ 74 ಡಿಗ್ರಿಗೆ ಏರಿ ಅಲ್ಲಿಯೇ ನಿಂತಿತು, ಪರದೆಯ ಮೇಲೆ ಬಣ್ಣದ ಚುಕ್ಕೆಗಳು ಮೂಡಲಿಲ್ಲ, ಫ್ಯಾನು ಕೊರಗುಟ್ಟಲಿಲ್ಲ. ಗುಮಾಸ್ತರು ಸ್ಟೂಲಿನ ಮೇಲೆ ಕೂತು ಆ ಅರ್ಧ ಗಂಟೆ ಗಡಿಯಾರವನ್ನೇ ನೋಡಿದರು. ಆಮೇಲೆ ಬೆಲೆಯ ಮಾತಿಗೆ ಅವರೇ ಇಳಿದರು. 4 ಜಿಬಿಯ 570, 4,800 ರೂಪಾಯಿಗೆ.

ಉಳಿದ ದುಡ್ಡನ್ನು ಜೇಬಿಗಿಳಿಸಿ ಹೊರಟವರನ್ನು ಮಗ ತಡೆದ. ಮನೆಯ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದು ದೊಡ್ಡದಾಗಿ ಬರೆದಿತ್ತು. ಓದಬೇಕಾದದ್ದು ಕೆಳಗಿನ ಸಣ್ಣ ಪಟ್ಟಿಯನ್ನು. ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ವಿದ್ಯುತ್ ಹೋಗುವುದು 12 ವೋಲ್ಟಿನ ದಾರಿಯಲ್ಲಿ, ಅದರ ಎದುರು 18 ಆಂಪಿಯರ್ ಎಂದಿತ್ತು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಎಂಬುದು ಹೈಸ್ಕೂಲಿನ ಪಾಠ. 12 ಗುಣಿಸು 18, ಅಂದರೆ 216. ಕಾರ್ಡಿಗೆ 150, ಪ್ರೊಸೆಸರಿಗೆ 84, ಎರಡೂ ಸೇರಿ 234. ಭಾರ ಬಿದ್ದ ದಿನ ಎಸ್‌ಎಂಪಿಎಸ್ ಸುಡುವುದಲ್ಲದೆ ಜೊತೆಗೆ ಬೋರ್ಡನ್ನೂ ಕರೆದುಕೊಂಡು ಹೋಗುತ್ತಿತ್ತು. ಅಗ್ಗದ ಕಾರ್ಡು ಕೊಳ್ಳುವವರು ಮರೆಯುವ ಖರ್ಚೆಂದರೆ ಇದೇ. ಕಾರ್ಡಿನ ಬೆಲೆಯ ಅರ್ಧದಷ್ಟನ್ನು ಇದಕ್ಕೆ ತೆಗೆದಿಡದಿದ್ದರೆ ಆ ಕಾರ್ಡು ಅಗ್ಗವೇ ಅಲ್ಲ. ಒಳ್ಳೆಯ ಕಂಪನಿಯ ಎಸ್‌ಎಂಪಿಎಸ್‌ಗೆ 2,700 ಕೊಟ್ಟು ಬಿಲ್ ಪಡೆದರು. 7,500 ಆಯಿತು. ಉಳಿದ ಐನೂರರಲ್ಲಿ ರೈಲಿನ ಖರ್ಚು ಕಳೆದು ಮಧ್ಯಾಹ್ನದ ಊಟವೂ ನಡೆಯಿತು.

ಆ ರಾತ್ರಿಯೇ ಕಾರ್ಡು ಕೂತಿತು. ಡ್ರೈವರ್ ಹುಡುಕುವ, ಇಳಿಸಿಕೊಳ್ಳುವ ಗೋಜೇ ಇರಲಿಲ್ಲ, ಗುಂಡಿ ಒತ್ತಿದೊಡನೆ ಪರದೆ ಬೆಳಗಿತು. 2015ರ 'ವಿಚರ್ 3' ಮಧ್ಯಮ ಮಟ್ಟದ ಚಿತ್ರದಲ್ಲಿ ಸೆಕೆಂಡಿಗೆ 60ರ ಆಸುಪಾಸು ಓಡಿತು. ಬೆಳಕಿನ ಕಿರಣಗಳನ್ನು ಬೆನ್ನಟ್ಟಿ ಲೆಕ್ಕ ಮಾಡುವ ಈಚಿನ ಭಾರಿ ಆಟಗಳು ಈ ಕಾರ್ಡಿಗಲ್ಲ. ಅವನೂ ಅವನ್ನು ಕೇಳಿರಲಿಲ್ಲ. ಗೆಳೆಯರಲ್ಲಿ ಮೂವರು ಎಂದಿನಂತೆ ವ್ಯಾಲರಂಟಿನಲ್ಲೇ ಉಳಿದರು, ರಾತ್ರಿಯ ಕರೆಗಳು ಕಡಿಮೆಯಾದವು. ಇಬ್ಬರು ಮಾತ್ರ ಭಾನುವಾರಗಳಲ್ಲಿ ಲಿನಕ್ಸಿಗೂ ಬರುವ ಡೋಟಾ 2ಕ್ಕೆ ಸೇರಿಕೊಳ್ಳುತ್ತಾರೆ, ಅದೂ ಪರೀಕ್ಷೆ ಹತ್ತಿರವಿಲ್ಲದಾಗ.

ಮೊನ್ನೆ ಸಂಜೆ ಗುಮಾಸ್ತರು ಸಂಘದ ಲೆಕ್ಕ ಬರೆಯುತ್ತಿದ್ದಾಗ ಪರದೆಯ ಕೆಳಮೂಲೆಯಲ್ಲಿ ಅಪ್‌ಡೇಟಿನ ಗುರುತು ಮೂಡಿತು. ತೆರೆದರೆ ಪಟ್ಟಿಯಲ್ಲಿ ಮೆಸಾ ಎಂಬ ಹೆಸರು. ಮಗನನ್ನು ಕೂಗಿ ಏನಿದೆಂದು ಕೇಳಿದರು. ಕಾರ್ಡಿಗೆ ಹೊಸ ಡ್ರೈವರ್ ಬಂದಿದೆ ಎಂದ ಅವನು.

"ದುಡ್ಡು ಕೇಳುತ್ತಾ?"

"ಇಲ್ಲಪ್ಪ."

"ಹಾಗಾದ್ರೆ ಹಾಕ್ಕೋ. ಸ್ವಲ್ಪ ತಡಿ, ಈ ಪುಟ ಮುಗಿಸ್ತೀನಿ."